ಮೂರು ಕಾಲಿನ ಮೊಲ

'ತಾನು ಹಿಡಿದ ಮೊಲಕ್ಕೆ ಮೂರೇ ಕಾಲು' ಎಂಬ ಗಾದೆಯನ್ನು ಕಡಿಮೆಯೆಂದರೂ ಇಪ್ಪತ್ತೈದು ವರ್ಷ ಮಕ್ಕಳಿಗೆ ವಿಸ್ತರಿಸಿ ಬರೆಸಿದ್ದೇನೆ. 'ಹಠಮಾರಿಗಳ ಸ್ವಭಾವವನ್ನು ಈ ಗಾದೆ ಸೊಗಸಾಗಿ ಹೇಳುತ್ತದೆ' ಎಂಬ ಮೊದಲ ವಾಕ್ಯವನ್ನು ನಾನೇ ಬೋರ್ಡಿನ ಮೇಲೆ ಬರೆದುಕೊಡುತ್ತಿದ್ದೆ. ಹಠಮಾರಿಗಳೆಂದರೆ ಬೇರೆ ಯಾರೋ ಎಂದೇ ನನ್ನ ತಿಳಿವಳಿಕೆಯಾಗಿತ್ತು. ನಾಲ್ಕು ಕಾಲಿನ ನಿಜವಾದ ಮೊಲವೊಂದು ನಮ್ಮ ಮನೆಗೆ ಬಂದು, ಕಾಯಿಲೆ ಬಿದ್ದು, ಅದರ ಕಾಯಿಲೆಯ ಕಾರಣ ಹುಡುಕುವ ಉಸಾಬರಿಗೆ ನಾನು ಬಿದ್ದ ಮೇಲೆಯೇ ಆ ಗಾದೆ ಯಾರನ್ನು ಕುರಿತದ್ದೆಂದು ತಿಳಿದದ್ದು.

ಮೊಲವನ್ನು ತಂದವಳು ಮಗಳು. 2018ರ ಬೇಸಿಗೆ ರಜೆಯಲ್ಲಿ ಶಿವಮೊಗ್ಗದಿಂದ ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದಳು. ಬಿಳಿಯ ಮೈ, ಕೆಂಪು ಕಣ್ಣು. ಕಾಡುಮೊಲವಲ್ಲ, ಅದನ್ನು ಹಿಡಿದು ಸಾಕುವುದು ಕಾನೂನಿಗೆ ವಿರುದ್ಧ. ಇದು ಮನೆಯಲ್ಲಿ ಸಾಕುವ ಜಾತಿಯದು. 'ಬೆಳ್ಳಿ' ಎಂದು ಹೆಸರಿಟ್ಟಳು. ಜೂನ್ ತಿಂಗಳಲ್ಲಿ ಅವಳು ಹಾಸ್ಟೆಲ್ ಸೇರಿದಳು, ಬೆಳ್ಳಿ ನನ್ನ ಪಾಲಿಗೆ ಉಳಿಯಿತು. ಮಗಳಿಲ್ಲದ ಮನೆಯಲ್ಲಿ ಸಂಜೆ ಶಾಲೆಯಿಂದ ಬಂದು ಚಹಾ ಕುಡಿಯುವಾಗ ಎದುರಿಗೆ ಕುಳಿತುಕೊಳ್ಳುವ ಜೀವ ಅದೊಂದೇ. ನಾನು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದೆ, ಅದಕ್ಕೆ ಅದ್ದದೆ ಕೊಡುತ್ತಿದ್ದೆ. ಒಂದು ನನಗೆ, ಒಂದು ಅದಕ್ಕೆ. ಬ್ರೆಡ್ಡು, ಕ್ಯಾರೆಟ್ಟು, ಕೆಲವು ದಿನ ಅವಲಕ್ಕಿ. ತಿನ್ನುವಾಗ ಅದರ ಮೂಗು ಅಲ್ಲಾಡುವುದನ್ನು ನೋಡುತ್ತ ದಿನದ ದಣಿವು ಮರೆಯುತ್ತಿದ್ದೆ.

ಪಕ್ಕದ ಅಡಿಕೆ ತೋಟದ ಶೆಡ್ಡಿನಲ್ಲಿ ಹಾನಗಲ್ಲಿನ ಕಡೆಯಿಂದ ಕೂಲಿಗೆ ಬಂದ ಒಂದು ಸಂಸಾರವಿತ್ತು. ಅವರ ಹುಡುಗ ನಮ್ಮ ಶಾಲೆಯಲ್ಲೇ ಆರನೆಯ ತರಗತಿ. ಬೆಳಿಗ್ಗೆ ಶಾಲೆಗೆ ಹೋಗುವಾಗ ಗದ್ದೆಯ ಬದುವಿನಿಂದ ಒಂದು ಹಿಡಿ ಗರಿಕೆ ಕಿತ್ತು ತಂದು ಬೆಳ್ಳಿಯ ಗೂಡಿಗೆ ಹಾಕಿ ಹೋಗುತ್ತಿದ್ದ. ನಾನು ಬೇಡವೆನ್ನಲಿಲ್ಲ, ಬೇಕೆಂದೂ ಹೇಳಲಿಲ್ಲ. ಒಂದು ದಿನ ನನ್ನ ಬಿಸ್ಕತ್ತಿನ ತಟ್ಟೆಯನ್ನು ನೋಡಿ, "ಅಕ್ಕೋರ, ಅದು ಹುಲ್ಲು ತಿನ್ನೋ ಜೀವ ಐತ್ರಿ" ಎಂದ. "ಹೌದಾ ಪಂಡಿತರೇ?" ಎಂದು ನಗಾಡಿದೆ. ಅವನೂ ನಕ್ಕ. ಆ ಮಾತು ಅಲ್ಲಿಗೇ ಮುಗಿಯಿತು.

ನವೆಂಬರಿನಲ್ಲಿ ಬೆಳ್ಳಿಯ ಎಡಗಣ್ಣಿನಲ್ಲಿ ನೀರು ಸುರಿಯಲಾರಂಭಿಸಿತು. ಗೂಡು ಇದ್ದದ್ದು ಹಿತ್ತಿಲ ಜಗಲಿಯಲ್ಲಿ, ಬಚ್ಚಲು ಒಲೆಯ ಹತ್ತಿರ. "ಹೊಗೆ ಕಣೇ" ಎಂದರು ನಮ್ಮ ಮನೆಯವರು. ಗೂಡನ್ನು ಮುಂದಿನ ಜಗಲಿಗೆ ತಂದೆವು. ಎರಡು ದಿನ ಕಣ್ಣು ಒಣಗಿತು. ಹೊಗೆಯೇ ಕಾರಣವೆಂದು ಇಬ್ಬರೂ ತಲೆಯಾಡಿಸಿದೆವು. ಮೂರನೆಯ ದಿನ ಮತ್ತೆ ನೀರು. ಕಾಗೆ ಬಂದು ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸಂಬಂಧ ಕಲ್ಪಿಸುವುದನ್ನು ನಮ್ಮ ಹಿರಿಯರು ಕಾಕತಾಳೀಯ ನ್ಯಾಯ ಎಂದು ಕರೆದಿದ್ದಾರೆ. ಅದನ್ನೂ ನಾನು ಪಾಠ ಮಾಡಿದವಳೇ.

ಮೇಷ್ಟರಿಕೆಯ ಚಟವೆಂದರೆ ಬರೆದಿಡುವುದು. ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ತಾರೀಖು, ತಿಂದದ್ದು, ಕಣ್ಣು, ಹಿಕ್ಕೆ, ಮೂತ್ರ, ಇತರೆ ಎಂದು ಕಲಮುಗಳನ್ನು ಮಾಡಿ ದಿನವೂ ತುಂಬುತ್ತ ಹೋದೆ. ಹೀಗೆ ಬರೆಯುತ್ತಿರುವಾಗಲೇ ಡಿಸೆಂಬರ್ 12ರ ಬೆಳಿಗ್ಗೆ ಗೂಡಿನ ಕೆಳಗೆ ಹಾಸಿದ್ದ ಕಾಗದ ಕುಂಕುಮದ ನೀರು ಚೆಲ್ಲಿದ ಹಾಗೆ ಕೆಂಪಾಗಿತ್ತು. ರಕ್ತ ಎಂದು ನನ್ನ ಕೈಕಾಲು ತಣ್ಣಗಾದವು. ಹಿಂದಿನ ದಿನ ಹುಡುಗ ಗರಿಕೆಯ ಜೊತೆ ಯಾವುದೋ ಎಲೆಯನ್ನೂ ಹಾಕಿದ್ದನ್ನು ಕಂಡಿದ್ದೆ. ಅವನು ಎಂದಿನಂತೆ ಹುಲ್ಲಿನ ಹಿಡಿಯೊಂದಿಗೆ ಗೇಟಿನಲ್ಲಿ ಕಾಣಿಸಿಕೊಂಡ. ಜೊತೆಗೆ ಇನ್ನೂ ಮೂರು ನಾಲ್ಕು ಮಕ್ಕಳಿದ್ದರು.

"ಏನೋ ಹಾಕಿದ್ದೆ ನಿನ್ನೆ?" ಎಂದು ಗದರಿದೆ.

"ಗರಿಕಿ ರೀ... ಮತ್ತ ಬೇಲಿ ಮ್ಯಾಲಿನ ದಾಸಾಳದ ಎಲಿ ರೀ."

"ವಿಷದ ಗಿಡ ಯಾವುದು, ಒಳ್ಳೇದು ಯಾವುದು ಅಂತ ಗೊತ್ತೇನೋ ನಿನಗೆ? ಇನ್ನು ಮೇಲೆ ಈ ಗೂಡಿನ ಹತ್ತಿರ ಬರಬೇಡ."

ಅವನು ಕೈಯಲ್ಲಿದ್ದ ಹುಲ್ಲನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತಿದ್ದು, ಅದನ್ನು ಹಿಡಿದುಕೊಂಡೇ ಶಾಲೆಗೆ ಹೋದ. ಮಾರನೆಯ ದಿನ ಕಾಗದ ಕೆಂಪಾಗಿರಲಿಲ್ಲ. ನೋಟ್‌ಬುಕ್ಕಿನ 'ಇತರೆ' ಕಲಮಿನಲ್ಲಿ 'ಎಲೆಯೇ ಕಾರಣ' ಎಂದು ಬರೆದು ಕೆಳಗೆ ಗೆರೆ ಎಳೆದೆ. ನನ್ನ ಮೊಲಕ್ಕೆ ಅಂದಿನಿಂದ ಮೂರೇ ಕಾಲು.

ಆಮೇಲೆ ಬೆಳ್ಳಿ ಸುಧಾರಿಸಬೇಕಿತ್ತು, ಇಳಿಯುತ್ತ ಹೋಯಿತು. ಗದ್ದದ ಕೆಳಗಿನ ಕೂದಲು ಯಾವಾಗಲೂ ಒದ್ದೆ. ಕಡಲೆಕಾಳಿನಷ್ಟಿದ್ದ ಹಿಕ್ಕೆ ಮೆಣಸಿನ ಕಾಳಿನಷ್ಟಾಯಿತು, ಲೆಕ್ಕದಲ್ಲೂ ಕಡಿಮೆಯಾಯಿತು. ಎಲ್ಲಕ್ಕಿಂತ ಒಗಟಾಗಿದ್ದು ಅದರ ಊಟದ ರೀತಿ. ತಟ್ಟೆ ಕಂಡರೆ ಓಡಿ ಬರುತ್ತಿತ್ತು, ಕ್ಯಾರೆಟ್ಟಿನ ಚೂರನ್ನು ಬಾಯಲ್ಲಿ ತೆಗೆದುಕೊಳ್ಳುತ್ತಿತ್ತು, ಹಾಗೆಯೇ ಕೆಳಗೆ ಬಿಟ್ಟು ಮುಖ ತಿರುಗಿಸುತ್ತಿತ್ತು. ಹಸಿವಿದೆ, ತಿನ್ನಲೊಲ್ಲದು. ಬಾಳೆಹಣ್ಣನ್ನು ಮಾತ್ರ ನುಂಗುತ್ತಿತ್ತು. ರಾತ್ರಿ ಮೂಲೆಯಲ್ಲಿ ಮುದುಡಿ ಕುಳಿತು ಹಲ್ಲು ಕಡಿಯುವ ಸದ್ದು ಕೇಳಿಸುತ್ತಿತ್ತು.

ಮನೆಗೆ ಬಂದವರೆಲ್ಲ ಒಂದೊಂದು ಕಾರಣ ಹೇಳಿದರು. ದೃಷ್ಟಿ ಎಂದು ನಾದಿನಿ ಮೆಣಸಿನಕಾಯಿ ನಿವಾಳಿಸಿದಳು. ಉಷ್ಣ ಎಂದರು ಶಾಲೆಯ ಸಹೋದ್ಯೋಗಿ. ಒಬ್ಬಳೇ ಒಂದೇ ಗೂಡಿನಲ್ಲಿರುವ ಬೇಸರ ಎಂದಳು ಫೋನಿನಲ್ಲಿ ಮಗಳು. ಅವಳು ಹೇಳಿದ್ದು ಬೆಳ್ಳಿಯ ವಿಷಯವೋ ನನ್ನ ವಿಷಯವೋ ಎಂದು ಅನುಮಾನವಾಯಿತು. ಒಂದು ರಾತ್ರಿ ಕಪಾಟಿನಲ್ಲಿ ಉಳಿದಿದ್ದ, ಮಕ್ಕಳಿಗೆ ಕೊಡುವ ಆಂಟಿಬಯಾಟಿಕ್ ಸಿರಪ್ಪನ್ನು ಚಮಚಕ್ಕೆ ಬಗ್ಗಿಸಿದ್ದೆ. ಬಾಟಲಿಯ ಮೇಲಿನ ತಾರೀಖು ಮುಗಿದಿರುವುದು ಕಂಡು ಚೆಲ್ಲಿದೆ. ಇದನ್ನು ನೆನಪಿನಲ್ಲಿಡಿ, ಮತ್ತೆ ಹೇಳುತ್ತೇನೆ.

ಅದೇ ಚಳಿಗಾಲದಲ್ಲಿ ನಮ್ಮ ಸಾಗರ ತಾಲ್ಲೂಕಿನ ಅರಳಗೋಡಿನ ಕಡೆ ಮಂಗನ ಕಾಯಿಲೆ ಕಾಣಿಸಿಕೊಂಡು ಸಾವುಗಳಾದವು. ಕಾಡಿಗೆ ದರಗು, ಸೊಪ್ಪು ತರಲು ಹೋಗುವವರೆಲ್ಲ ಹೆದರಿದ್ದರು. "ಈ ಹೊತ್ತಿನಲ್ಲಿ ಕಾಯಿಲೆಯ ಪ್ರಾಣಿಯನ್ನು ಮನೆಯಲ್ಲಿಟ್ಟುಕೊಳ್ಳುವುದೇ? ಎಲ್ಲಾದರೂ ಬಿಟ್ಟು ಬಾ" ಎಂದು ಬಂಧುಗಳೊಬ್ಬರು ಬುದ್ಧಿ ಹೇಳಿದರು. ಬೆಳ್ಳಿ ಹುಡುಗನಿಂದ ಕೆಟ್ಟಿತು ಎಂದು ನಾನು ಹೇಳುತ್ತಿದ್ದೆ, ಊರು ಬೆಳ್ಳಿಯಿಂದ ಕೆಡುತ್ತದೆ ಎಂದು ಅವರು ಹೇಳುತ್ತಿದ್ದರು. ಇಬ್ಬರ ಯೋಚನೆಯೂ ಒಂದೇ ಜಾಡಿನದು ಎಂದು ಆಗ ಹೊಳೆಯಲಿಲ್ಲ.

ಊರಿನ ಪಶುವೈದ್ಯರು ಪ್ರಾಮಾಣಿಕರು. "ಟೀಚರ್, ನನ್ನ ಅನುಭವವೆಲ್ಲ ದನ ಎಮ್ಮೆಯದು. ಮೊಲ ನೋಡುವವರ ಹತ್ತಿರ ಒಯ್ಯಿರಿ, ತಡ ಮಾಡಬೇಡಿ. ಒಂದು ದಿನ ಪೂರ್ತಿ ತಿನ್ನದಿದ್ದರೆ ಮೊಲದ ಕರುಳು ನಿಂತುಬಿಡುತ್ತದೆ" ಎಂದರು. ಜನವರಿಯ ಕೊನೆಯ ವಾರ ರಜೆ ಹಾಕಿ, ಬಸ್ಸಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಶಿವಮೊಗ್ಗಕ್ಕೆ ಹೋದೆ. ದಾರಿಯುದ್ದಕ್ಕೂ ಅದು ಸದ್ದು ಮಾಡಲಿಲ್ಲ. ನಾಯಿಯಾದರೆ ಕುಂಯ್‌ಗುಡುತ್ತದೆ, ದನವಾದರೆ ಅಂಬಾ ಎನ್ನುತ್ತದೆ. ಮೊಲ ನೋವನ್ನು ಬಚ್ಚಿಡುವ ಪ್ರಾಣಿ. ತನ್ನನ್ನು ತಿನ್ನುವವರೇ ತುಂಬಿರುವ ಲೋಕದಲ್ಲಿ ನೋವು ತೋರಿಸಿಕೊಂಡರೆ ಮೊದಲು ಸಾಯುವುದು ತಾನೇ ಎಂದು ಅದರ ವಂಶಕ್ಕೆ ತಿಳಿದಿದೆ.

ಅಲ್ಲಿನ ವೈದ್ಯರು ಮೊದಲು ಕೇಳಿದ್ದು ಏನು ತಿನ್ನುತ್ತದೆ ಎಂದು. ನಾನು ಅಭಿಮಾನದಿಂದ ನೋಟ್‌ಬುಕ್ಕನ್ನು ಮುಂದಿಟ್ಟೆ. ಅವರು ನಿಧಾನವಾಗಿ ಓದಿದರು. ಕಿವಿಯ ಒಳಗೆ ನೋಡುವ ದೀಪದ ಉಪಕರಣವನ್ನು ಬಾಯಿಯ ಸಂದಿಯಿಂದ ತೂರಿಸಿ ನೋಡಿ, ನನ್ನನ್ನೂ ಕರೆದು ತೋರಿಸಿದರು. ಹಿಂದಿನ ದವಡೆ ಹಲ್ಲುಗಳ ಅಂಚು ಮುಳ್ಳಿನಂತೆ ಬೆಳೆದು ನಾಲಿಗೆಗೆ ಚುಚ್ಚಿತ್ತು. ನಾಲಿಗೆಯ ಪಕ್ಕದಲ್ಲಿ ಹುಣ್ಣು.

ಮೊಲಕ್ಕೆ 28 ಹಲ್ಲು. ಅವೆಲ್ಲವೂ ಸಾಯುವತನಕ ಬೆಳೆಯುತ್ತಲೇ ಇರುತ್ತವೆ. ಮುಂದಿನ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ಹುಲ್ಲಿನಲ್ಲಿ ನಾರಿದೆ, ಮರಳಿನಂಥ ಗಡಸು ಅಂಶವಿದೆ. ಅದನ್ನು ದವಡೆ ಅಡ್ಡಡ್ಡ ಆಡಿಸಿ ಗಂಟೆಗಟ್ಟಲೆ ಅರೆಯುವಾಗ ಹಲ್ಲು ಬೆಳೆದಷ್ಟೂ ಸವೆಯುತ್ತದೆ. ಬಿಸ್ಕತ್ತು ಬಾಯಲ್ಲೇ ಕರಗುತ್ತದೆ, ಅರೆಯಲು ಏನಿದೆ? ಸವೆಯದ ಹಲ್ಲು ಮೇಲಕ್ಕೂ ಬೆಳೆಯುತ್ತದೆ, ಬೇರಿನ ಕಡೆಗೂ ಒತ್ತುತ್ತದೆ. ಮೇಲಿನ ಹಲ್ಲುಗಳ ಬೇರಿನ ಪಕ್ಕದಲ್ಲೇ ಕಣ್ಣೀರಿನ ನಾಳ. ಅದು ಒತ್ತಿಹೋದರೆ ನೀರು ಕಣ್ಣಿನಿಂದ ಹೊರಗೆ ಹರಿಯುತ್ತದೆ. ನಾಲಿಗೆಯ ಹುಣ್ಣಿನಿಂದ ಜೊಲ್ಲು, ಜೊಲ್ಲಿನಿಂದ ಒದ್ದೆ ಗದ್ದ. ತಿನ್ನಲಾರದ್ದರಿಂದ ಸಣ್ಣ ಹಿಕ್ಕೆ. ಕಣ್ಣಿನದೊಂದು, ಬಾಯಿಯದೊಂದು, ಹೊಟ್ಟೆಯದೊಂದು ಎಂದು ನಾನು ಬೇರೆ ಬೇರೆ ಕಲಮುಗಳಲ್ಲಿ ಬರೆದದ್ದು ಒಂದೇ ದಾರದ ಗಂಟುಗಳಾಗಿದ್ದವು.

"ಹಾಗಾದರೆ ಆ ರಕ್ತ?" ಎಂದೆ.

ಅದು ರಕ್ತವೇ ಆಗಿರಲಿಕ್ಕಿಲ್ಲವಂತೆ. ಕೆಲವು ಸೊಪ್ಪು, ಗೆಡ್ಡೆ ತಿಂದಾಗ ಅವುಗಳ ಬಣ್ಣದಿಂದ ಮೊಲದ ಮೂತ್ರ ಒಂದೆರಡು ದಿನ ಕೆಂಪಾಗುವುದುಂಟು, ಅಪಾಯವಿಲ್ಲ. ಈ ಸಲದ ಮೂತ್ರವನ್ನು ಪರೀಕ್ಷೆ ಮಾಡಿದರು, ರಕ್ತವಿರಲಿಲ್ಲ. ಬೆಳಗಿನ ಜಾವ ಅದು ತನ್ನ ಮೆತ್ತಗಿನ ಹಿಕ್ಕೆಯನ್ನು ತಾನೇ ತಿನ್ನುತ್ತದೆ ಎಂದು ಅಸಹ್ಯದಿಂದ ಬರೆದಿದ್ದೆ. ಅದೂ ಆರೋಗ್ಯದ ಲಕ್ಷಣವೇ, ಒಮ್ಮೆ ಅರಗಿದ್ದರಲ್ಲಿ ಉಳಿದ ಸಾರವನ್ನು ಮೊಲ ಹಾಗೆಯೇ ಪಡೆಯುವುದಂತೆ. ಸಿರಪ್ಪಿನ ವಿಷಯ ಹೇಳಿದಾಗ ಅವರು ಪೆನ್ನು ಕೆಳಗಿಟ್ಟು ಅದರ ಹೆಸರು ಕೇಳಿದರು. ಪೆನಿಸಿಲಿನ್ ಗುಂಪಿನ ಔಷಧವನ್ನು ಮೊಲದ ಬಾಯಿಗೆ ಹಾಕಿದರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಮೊಲವೂ ಸಾಯಬಹುದು ಎಂದರು. ನಾನು ಚಮಚಕ್ಕೆ ಬಗ್ಗಿಸಿದ್ದು ಅದೇ ಗುಂಪಿನದು. ಬೆಳ್ಳಿಯನ್ನು ಉಳಿಸಿದ್ದು ಬಾಟಲಿಯ ಮೇಲಿನ ತಾರೀಖು, ನನ್ನ ವಿವೇಕವಲ್ಲ. ಔಷಧ ಹಾಕಿ ಅದು ಸತ್ತಿದ್ದರೂ ನಾನು ಆ ಹುಡುಗನ ಎಲೆಯನ್ನೇ ಶಪಿಸುತ್ತಿದ್ದೆ.

ಕೊನೆಗೆ ವೈದ್ಯರು ನೋಟ್‌ಬುಕ್ಕಿನ ಪುಟಗಳನ್ನು ಹಿಂದಕ್ಕೆ ತಿರುಗಿಸಿ ಡಿಸೆಂಬರ್ 12ರ ಮೇಲೆ ಬೆರಳಿಟ್ಟರು. "ಇಲ್ಲಿಯವರೆಗೆ ದಿನಾ ಹುಲ್ಲು ಅಂತ ಬರೆದಿದ್ದೀರಿ. ಆಮೇಲೆ ಇಲ್ಲ. ಯಾಕೆ ನಿಲ್ಲಿಸಿದಿರಿ?"

ನನ್ನ ಅಕ್ಷರದಲ್ಲೇ ಇದ್ದ ಪ್ರಶ್ನೆಗೆ ನನ್ನ ಬಾಯಲ್ಲಿ ಉತ್ತರವಿರಲಿಲ್ಲ. ಹೇಳಬೇಕಾಯಿತು, ಹೇಳಿದೆ. "ಅಂದರೆ ನಾನೇ ಕಾರಣ" ಎಂದು ಕಣ್ಣೊರೆಸಿಕೊಂಡೆ. ಅವರು ಅದನ್ನೂ ಪೂರ್ತಿ ಒಪ್ಪಲಿಲ್ಲ. ಹುಡುಗನ ಹುಲ್ಲು ಒಂದೇ ಹಿಡಿ, ಮೊಲದ ಊಟದ ಮುಕ್ಕಾಲು ಪಾಲಿಗಿಂತ ಹೆಚ್ಚು ಹುಲ್ಲೇ ಇರಬೇಕು, ಆದ್ದರಿಂದಲೇ ಹುಲ್ಲಿದ್ದಾಗಲೂ ಕಣ್ಣಿನ ತೊಂದರೆ ಶುರುವಾಗಿದ್ದು. ಜೊತೆಗೆ ಕೆಲವು ಮೊಲಗಳ ದವಡೆಯೇ ಹುಟ್ಟಿನಿಂದ ಸರಿಯಿರುವುದಿಲ್ಲ. ಯಾವುದರ ಪಾಲು ಎಷ್ಟೆಂದು ಹೇಳಲಾಗದು. "ತಪ್ಪು ಯಾರದೆಂದು ಹಲ್ಲು ಹೇಳುವುದಿಲ್ಲ ಟೀಚರ್. ಮುಂದೆ ಏನು ಮಾಡಬೇಕೆಂದು ಹೇಳುತ್ತದೆ" ಎಂದರು.

ಬಸ್ಸಿನಲ್ಲಿ ಹಿಂದಕ್ಕೆ ಬರುವಾಗ ಈ ಮಾತನ್ನೇ ಯೋಚಿಸುತ್ತಿದ್ದೆ. ಕಾರಣ ಹುಡುಕುವುದು, ತಪ್ಪಿತಸ್ಥರನ್ನು ಹುಡುಕುವುದು, ಇವೆರಡು ಬೇರೆ ಬೇರೆ ಕೆಲಸಗಳು. ನಾವು ಮೊದಲನೆಯದನ್ನು ಮಾಡುತ್ತಿದ್ದೇವೆಂದು ನಂಬಿಕೊಂಡು ಎರಡನೆಯದನ್ನು ಮಾಡುತ್ತಿರುತ್ತೇವೆ. ತಪ್ಪಿತಸ್ಥರು ಸಿಕ್ಕ ಕೂಡಲೇ ಮನಸ್ಸಿಗೆ ಸಮಾಧಾನವಾಗಿ ಹುಡುಕಾಟ ನಿಂತುಹೋಗುತ್ತದೆ. ಆರು ವಾರ ನನ್ನ ಹುಡುಕಾಟ ನಿಂತಿತ್ತು, ಆ ಆರು ವಾರ ಹಲ್ಲು ಬೆಳೆಯುತ್ತಿತ್ತು. ವೈದ್ಯರ ಮುಂದೆ 'ನಾನೇ ಕಾರಣ' ಎಂದು ಅತ್ತಾಗಲೂ ಮಾಡಿದ್ದು ಅದನ್ನೇ. ಹುಡುಗನನ್ನು ಇಳಿಸಿ ಆ ಪೀಠದಲ್ಲಿ ನನ್ನನ್ನು ಕೂರಿಸಿದೆ, ಅಷ್ಟೆ.

ಮಂಗನ ಕಾಯಿಲೆಯ ಹೆಸರನ್ನೇ ನೋಡಿ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಅದು ಬೆಳಕಿಗೆ ಬಂತು. ಸತ್ತು ಬಿದ್ದದ್ದು ಕಣ್ಣಿಗೆ ಕಂಡಿತು, ಹೆಸರು ಅದಕ್ಕೇ ಅಂಟಿತು. ರೋಗದ ವೈರಸ್ಸನ್ನು ಮನುಷ್ಯರಿಗೆ ದಾಟಿಸುವುದು ಕಣ್ಣಿಗೆ ಸರಿಯಾಗಿ ಕಾಣಿಸದಷ್ಟು ಸಣ್ಣ ಉಣುಗು. ಮಂಗವೂ ನಮ್ಮ ಹಾಗೆ ಅದರ ಕಡಿತಕ್ಕೆ ಸಾಯುವ ಜೀವ. ಇಷ್ಟು ವರ್ಷಗಳಾದರೂ ನಾವು ಅದನ್ನು ಉಣುಗಿನ ಕಾಯಿಲೆ ಎನ್ನುವುದಿಲ್ಲ. ಕಣ್ಣಿಗೆ ಮೊದಲು ಬಿದ್ದವರೇ ತಪ್ಪಿತಸ್ಥರಾಗುತ್ತಾರೆ. ನಮ್ಮ ಗೇಟಿನಲ್ಲಿ ಆ ಬೆಳಿಗ್ಗೆ ನನ್ನ ಕಣ್ಣಿಗೆ ಮೊದಲು ಬಿದ್ದವನು ಆ ಹುಡುಗ.

ತಿಳಿಯದೆ ಮಾಡಿದ್ದು ತಪ್ಪಲ್ಲ ಎಂದು ಹೇಳಿ ನನ್ನನ್ನು ಸಮಾಧಾನಪಡಿಸಿದವರಿದ್ದಾರೆ. ಮೊಲದ ಹಲ್ಲಿನ ವಿಚಾರ ಬಿ.ಎ., ಬಿ.ಎಡ್. ಓದಿದವಳಿಗೆ ತಿಳಿಯಬೇಕೆಂದೇನೂ ಇಲ್ಲ, ನಿಜ. ಆದರೆ ನನಗೆ ಯಾರೂ ಹೇಳಲಿಲ್ಲ ಎಂದು ಮಾತ್ರ ನಾನು ಹೇಳುವಂತಿಲ್ಲ. 'ಅದು ಹುಲ್ಲು ತಿನ್ನೋ ಜೀವ' ಎಂದು ಜಗಲಿಯಲ್ಲಿ ನಿಂತು ಒಬ್ಬ ಹೇಳಿದ್ದ. ಅದೇ ಮಾತನ್ನು ಬಿಳಿ ಕೋಟು ಹಾಕಿಕೊಂಡವರು ಹೇಳಿದಾಗ ಹಣ ಕೊಟ್ಟು ಕೇಳಿ ಬಂದೆ. ಹೇಳಿದವನು ಕೂಲಿಯವರ ಮಗ, ಕನ್ನಡದಲ್ಲಿ ನೂರಕ್ಕೆ ಮೂವತ್ತು ಅಂಕ ತೆಗೆಯುವವನು ಎಂಬ ಕಾರಣಕ್ಕೆ ಅದು ನನ್ನ ಕಿವಿಗೆ ಮಾತಾಗಿ ಬೀಳಲಿಲ್ಲ. ತಿಳಿಯದಿರುವುದು ತಪ್ಪಲ್ಲದಿರಬಹುದು, ಯಾರಿಂದ ತಿಳಿಯಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿ ಕೂರುವುದು ತಪ್ಪೇ. ಬೆಳ್ಳಿಗೆ ಬಾಯಿಲ್ಲ ಎಂದು ನಾನು ಮರುಗುತ್ತಿದ್ದೆ. ಬಾಯಿದ್ದವನ ಪಾಡೂ ನನ್ನ ಎದುರಿಗೆ ಅಷ್ಟೇ ಆಗಿತ್ತು.

ಹೀಗೆ ಯೋಚಿಸುವಾಗ ಬಹಳ ವರ್ಷಗಳ ಹಿಂದಿನ ಒಬ್ಬ ಹುಡುಗಿ ನೆನಪಾದಳು. ಬೋರ್ಡಿನ ಮೇಲಿದ್ದುದನ್ನು ತಪ್ಪು ತಪ್ಪಾಗಿ ಬರೆದುಕೊಳ್ಳುತ್ತಿದ್ದಳು. ಗಮನವಿಲ್ಲ ಎಂದು ಶಿಕ್ಷೆಗಾಗಿ ಹಿಂದಿನ ಬೆಂಚಿಗೆ ಕಳಿಸಿದೆ. ತಪ್ಪುಗಳು ಇನ್ನೂ ಹೆಚ್ಚಾದವು, ಕೊಬ್ಬು ಎಂದುಕೊಂಡೆ. ಶಾಲೆಗೆ ಕಣ್ಣಿನ ಪರೀಕ್ಷೆಯವರು ಬಂದಾಗ ತಿಳಿಯಿತು, ಅವಳಿಗೆ ದೂರದ್ದು ಕಾಣುತ್ತಿರಲಿಲ್ಲ. ಹತ್ತಿರ ಕರೆಯಬೇಕಾದವಳನ್ನು ದೂರ ಕೂರಿಸಿದ್ದೆ, ಹುಲ್ಲು ಕೊಡಬೇಕಾದಲ್ಲಿ ಹುಲ್ಲು ನಿಲ್ಲಿಸಿದ ಹಾಗೆ.

ಬೆಳ್ಳಿಗೆ ಮಂಪರು ಕೊಟ್ಟು ಹಲ್ಲಿನ ಮುಳ್ಳುಗಳನ್ನು ಉಜ್ಜಿ ತೆಗೆದಿದ್ದರು. ಒಂದು ವಾರ ಸೊಪ್ಪನ್ನು ನುಣ್ಣಗೆ ಅರೆದು ಸೂಜಿಯಿಲ್ಲದ ಸಿರಿಂಜಿನಲ್ಲಿ ಕುಡಿಸಿದೆ. ಬಿಸ್ಕತ್ತಿನ ಡಬ್ಬಿಯನ್ನು ಅಡುಗೆಮನೆಯ ಮೇಲಿನ ನಾಗಂದಿಗೆಗೆ ಏರಿಸಿದೆ.

ಹುಡುಗನ ಹತ್ತಿರ ಮಾತಾಡುವುದು ಅದಕ್ಕಿಂತ ಕಷ್ಟದ ಕೆಲಸವಾಗಿತ್ತು. ಒಬ್ಬನನ್ನೇ ಕರೆದು ಹೇಳಿ ಮುಗಿಸೋಣ ಎನ್ನಿಸಿತು. ಗದರಿದ್ದು ನಾಲ್ಕು ಮಕ್ಕಳ ಎದುರಿಗೆ. ಆದ್ದರಿಂದ ಶಾಲೆಯ ಜಗಲಿಯಲ್ಲಿ ಅದೇ ಮಕ್ಕಳನ್ನು ನಿಲ್ಲಿಸಿಕೊಂಡು, "ನಿನ್ನ ಎಲೆಯಿಂದ ಏನೂ ಆಗಿರಲಿಲ್ಲ ಕಣೋ. ನಿನ್ನ ಹುಲ್ಲೇ ಅದಕ್ಕೆ ಬೇಕಾಗಿದ್ದ ಔಷಧ. ನಾನು ತಪ್ಪು ತಿಳಿದು ಬೈದೆ" ಎಂದೆ. ಅವನು ತಲೆ ತಗ್ಗಿಸಿಕೊಂಡು, ಇನ್ನೊಮ್ಮೆ ಬೈಸಿಕೊಳ್ಳುವವನ ಹಾಗೆ ನಿಂತಿದ್ದ. ಟೀಚರ್ ಕರೆದು ನಿಲ್ಲಿಸಿದರೆ ಬೇರೆ ಏನಾದರೂ ಆಗಬಹುದೆಂದು ಅವನಿಗೆ ಗೊತ್ತಿರಲಿಲ್ಲ. "ಹೂಂ ರೀ" ಎಂದಷ್ಟೇ ಹೇಳಿ ತರಗತಿಗೆ ಓಡಿದ.

ಮಾರನೆಯ ಬೆಳಿಗ್ಗೆ ಗೇಟಿನ ಹೊರಗೆ, ಬಾಳೆಯ ನಾರಿನಲ್ಲಿ ಕಟ್ಟಿದ ಒಂದು ಹೊರೆ ಗರಿಕೆ ಇತ್ತು. ಅವನಿರಲಿಲ್ಲ. ಹಾಗೆಯೇ ನಾಲ್ಕಾರು ದಿನ. ಆಮೇಲೆ ಒಂದು ದಿನ ನಾನೇ ಗೇಟಿನಲ್ಲಿ ಕಾದು ನಿಂತು ಒಳಗೆ ಕರೆದೆ. ರಸ್ತೆಯ ಪಕ್ಕದ ಹುಲ್ಲಿನಲ್ಲಿ ಧೂಳು, ತೋಟದ ಒಳಗಿನದಕ್ಕೆ ಔಷಧ ಹೊಡೆದಿರುತ್ತಾರೆ, ಗದ್ದೆಯ ಬದುವಿನದೇ ಒಳ್ಳೆಯದು ಎಂದು ಅವನು ಹೇಳಿದ. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೇ ತಿಂಗಳಲ್ಲಿ ಅವನ ಸಂಸಾರ ಊರಿಗೆ ಹೊರಟುಹೋಯಿತು, ಶಾಲೆಯ ವರ್ಗಾವಣೆ ಪತ್ರಕ್ಕೆ ಅಪ್ಪನ ಜೊತೆ ಬಂದಿದ್ದಾಗ ನೋಡಿದ್ದೇ ಕೊನೆ. ಬದುವಿಗೆ ಹೋಗಿ ಹುಲ್ಲು ಕೀಳುವ ಕೆಲಸ ನನ್ನದಾಯಿತು. ಕೆಲವು ತಿಂಗಳಿಗೊಮ್ಮೆ ಹಲ್ಲು ತೋರಿಸಿಕೊಂಡು ಬರುತ್ತಿದ್ದರೂ ಬೆಳ್ಳಿ 2021ರ ಮಳೆಗಾಲದವರೆಗೆ ಚೆನ್ನಾಗಿಯೇ ಇತ್ತು.

ತರಗತಿಯಲ್ಲಿ ಕಿಟಕಿಯ ಗಾಜು ಒಡೆದರೆ, ಡಸ್ಟರು ಕಳೆದರೆ ಈಗಲೂ ನನ್ನ ಬಾಯಿಗೆ ಮೊದಲು ಬರುವ ಮಾತು 'ಯಾರೋ ಅದು?' ಎಂದೇ. ಮೂವತ್ತು ವರ್ಷದ ಅಭ್ಯಾಸ. ಆದರೆ ಅದು ಹೊರಬಿದ್ದ ಮೇಲೆ ಒಂದು ಗಳಿಗೆ ಸುಮ್ಮನಿದ್ದು, 'ಏನಾಯ್ತು ಹೇಳಿ' ಎಂದು ತಿದ್ದಿಕೊಳ್ಳುತ್ತೇನೆ. ಎರಡನೆಯ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರ ಉದ್ದವಾಗಿರುತ್ತದೆ. ಪಾಠ ಹಿಂದೆ ಬೀಳುತ್ತದೆ. ಮೊನ್ನೆ ಆ ಗಾದೆಯನ್ನು ಮತ್ತೆ ಬರೆಸಬೇಕಾಗಿ ಬಂತು. ಮೊದಲ ವಾಕ್ಯವನ್ನು ಈ ಸಲ ನಾನು ಬೋರ್ಡಿನ ಮೇಲೆ ಬರೆದುಕೊಡಲಿಲ್ಲ. ನಿಮಗೆ ಕಂಡದ್ದು ಬರೆಯಿರಿ ಎಂದು ಹೇಳಿ, ಅವರು ಬರೆದು ಮುಗಿಸುವತನಕ ಕಿಟಕಿಯ ಹತ್ತಿರ ನಿಂತಿದ್ದೆ.